ಕೋಳಿಗೂ ಸೋಸಿದ ನೀರು

‘ಕೋಳಿಗೂ ಸೋಸಿದ ನೀರೇ?’ ಎಂದು ಯಾರಾದರೂ ಮೂಗಿನ ಮೇಲೆ ಬೆರಳಿಟ್ಟರೆ ಅವರನ್ನು ಆಕ್ಷೇಪಿಸುವಂತಿಲ್ಲ. ಹಳ್ಳಿಯ ಕೋಳಿಯನ್ನು ಕಣ್ಣಾರೆ ಕಂಡವರು ಬೇರೇನನ್ನು ಹೇಳಿಯಾರು? ಬಚ್ಚಲ ಮೋರಿಯ ಅಂಚಿನಲ್ಲಿ ಕೊಕ್ಕನ್ನದ್ದಿ, ಕತ್ತು ಮೇಲೆತ್ತಿ, ಎರಡು ಗುಟುಕು ಇಳಿಸಿ ತಿಪ್ಪೆಯ ಕಡೆಗೆ ನಡೆದುಬಿಡುವ ಆ ಪ್ರಾಣಿ ಯಾವ ಕಾಲದಲ್ಲಿಯೂ ನೀರಿನ ಬಗೆಗೆ ಮಡಿವಂತಿಕೆಯನ್ನು ತೋರಿಸಿದುದಿಲ್ಲ. ಪಟ್ಟಣದ ಎಷ್ಟೋ ಮನೆಗಳಲ್ಲಿ ಮಕ್ಕಳಿಗೇ ಕಾಯಿಸಿ ಆರಿಸಿದ ನೀರು ತಪ್ಪದೆ ದೊರೆಯದಿರುವಾಗ, ಕೋಳಿಗೆ ಫಿಲ್ಟರು ಇಡುವುದು ದುಡ್ಡಿನ ಮದವಲ್ಲದೆ ಮತ್ತೇನು ಎಂದು ತೋರುವುದೂ ಸಹಜವೇ.

ಆದರೆ ಮೋರಿಯ ಬಳಿಯ ಕೋಳಿಗೂ ಫಾರಂನ ಕೋಳಿಗೂ ಹೆಸರೊಂದನ್ನು ಬಿಟ್ಟರೆ ಹೋಲಿಕೆ ಬಹಳ ಕಡಮೆ. ಊರ ಕೋಳಿ ವರ್ಷಕ್ಕೆ ಅರವತ್ತೋ ಎಪ್ಪತ್ತೋ ಮೊಟ್ಟೆ ಇಟ್ಟು, ನಡುವೆ ಕಾವಿಗೆ ಕೂತು, ಮರಿ ಮಾಡಿ, ತನ್ನ ಪಾಡಿಗೆ ತಾನಿರುತ್ತದೆ. ಹತ್ತಾರು ಕೋಳಿಗಳು ಊರೆಲ್ಲ ಹರಡಿಕೊಂಡು, ಒಂದು ಇಲ್ಲಿ ಕುಡಿದರೆ ಮತ್ತೊಂದು ಅಲ್ಲಿ ಕುಡಿಯುತ್ತದೆ. ಫಾರಂನಲ್ಲಾದರೋ ಹತ್ತು ಸಾವಿರ ಕೋಳಿಗಳು ಒಂದೇ ತೊಟ್ಟಿಯಿಂದ ಹೊರಟ ಒಂದೇ ಕೊಳವೆಯ ನೀರನ್ನು ಕುಡಿಯುತ್ತವೆ. ಒಂದೊಂದೂ ವರ್ಷಕ್ಕೆ ಮುನ್ನೂರಕ್ಕೆ ಮೇಲ್ಪಟ್ಟು ಮೊಟ್ಟೆ ಇಡಬೇಕೆಂದು ನಿರೀಕ್ಷೆ. ಅಂಥಲ್ಲಿ ತೊಟ್ಟಿಗೆ ಬಿದ್ದ ದೋಷ ಸಾಯಂಕಾಲದೊಳಗೆ ಹತ್ತು ಸಾವಿರ ಕೊಕ್ಕುಗಳನ್ನು ಮುಟ್ಟಿರುತ್ತದೆ. ಇನ್ನು, ಮೋರಿ ನೀರು ಕುಡಿದೂ ಊರ ಕೋಳಿ ಚೆನ್ನಾಗಿರುತ್ತದೆಂಬ ಮಾತಿನಲ್ಲಿಯೂ ಒಂದು ಮರೆವಿದೆ. ಕೊಕ್ಕರೆ ರೋಗ ಬಂದ ವರ್ಷ ಕೇರಿಯ ಕೋಳಿಗಳೆಲ್ಲ ಒಂದೇ ವಾರದಲ್ಲಿ ಸತ್ತುಹೋದುದನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದಿಲ್ಲ, ಅಷ್ಟೆ.

ಕೋಳಿಯ ದೇಹದಲ್ಲಿ ನೀರಿನ ಪಾತ್ರವೇನೆಂಬುದನ್ನು ಮೊದಲು ನೋಡಬೇಕು. ಮೊಟ್ಟೆಯ ಚಿಪ್ಪನ್ನು ತೆಗೆದಿಟ್ಟರೆ ಒಳಗಿರುವುದರಲ್ಲಿ ಮುಕ್ಕಾಲು ಪಾಲು ನೀರೇ. ದಿನಕ್ಕೆ ಸುಮಾರು 110 ಗ್ರಾಂ ಮೇವು ತಿನ್ನುವ ಮೊಟ್ಟೆ ಕೋಳಿ ಹಿತವಾದ ಹವೆಯಲ್ಲಿ ಅದರ ಎರಡರಷ್ಟು, ಎಂದರೆ ಇನ್ನೂರು ಇನ್ನೂರೈವತ್ತು ಮಿಲಿಲೀಟರ್ ನೀರು ಕುಡಿಯುತ್ತದೆ. ಬೇಸಗೆಯ ಝಳ ಹತ್ತಿತೆಂದರೆ ಇದು ಒಂದೂವರೆ ಪಾಲು, ಎರಡು ಪಾಲು ಏರಿಬಿಡುತ್ತದೆ. ಕೋಳಿಗೆ ಬೆವರುವ ಭಾಗ್ಯವಿಲ್ಲ. ಅದರ ಮೈಯ ಸಹಜವಾದ ಕಾವೇ 41 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಅದು ಇನ್ನೂ ಏರತೊಡಗಿದರೆ ಬಾಯಿ ತೆರೆದು ತೇಗುತ್ತ, ಉಸಿರಿನ ಮೂಲಕ ಒಳಗಿನ ನೀರನ್ನು ಆವಿ ಮಾಡಿ ಹೊರಗಟ್ಟುವುದೊಂದೇ ಅದಕ್ಕಿರುವ ದಾರಿ. ಮೇವು ಒಂದು ಹೊತ್ತು ತಪ್ಪಿದರೆ ಕೋಳಿ ಸಹಿಸೀತು. ನೀರು ಒಂದು ಹಗಲು ಒಂದು ರಾತ್ರಿ ತಪ್ಪಿದರೆ ಮೊಟ್ಟೆ ತಟಕ್ಕನೆ ಇಳಿದುಹೋಗುತ್ತದೆ. ಹಿಂದಿನ ಸ್ಥಿತಿಗೆ ಬರಲು ವಾರಗಳು ಬೇಕಾಗುತ್ತವೆ. ಇನ್ನೂ ಹೆಚ್ಚು ಕಾಲ ತಪ್ಪಿದರೆ ಕೋಳಿ ಗರಿಯುದುರಿಸಲಾರಂಭಿಸಿ ಮೊಟ್ಟೆಯನ್ನೇ ನಿಲ್ಲಿಸಿಬಿಡುವುದುಂಟು.

ಹೀಗಿದ್ದರೂ ಮೇವಿಗೆ ದೊರೆಯುವ ಗೌರವ ನೀರಿಗೆ ದೊರೆಯುವುದಿಲ್ಲ. ಮೆಕ್ಕೆಜೋಳದಲ್ಲಿ ಬೂಷ್ಟು ಹಿಡಿದಿದೆಯೇ, ಸೋಯಾ ಹಿಂಡಿಯಲ್ಲಿ ಸಾರ ಎಷ್ಟಿದೆ, ಮೂಟೆಗೆ ಬೆಲೆ ಎಷ್ಟು ಏರಿತು ಎಂದು ಚರ್ಚಿಸುವ ಫಾರಂನವರು, ಅದರ ಎರಡರಷ್ಟು ತೂಕದಲ್ಲಿ ಕೋಳಿಯ ಹೊಟ್ಟೆಗೆ ಹೋಗುವ ವಸ್ತು ಯಾವುದೆಂದು ಯೋಚಿಸುವುದು ಅಪರೂಪ. ನೀರಿಗೆ ಬಿಲ್ಲು ಬರುವುದಿಲ್ಲವಾದುದರಿಂದ ಅದಕ್ಕೆ ಬೆಲೆಯಿಲ್ಲವೆಂಬ ಭಾವನೆ ಇರಬೇಕು.

ಆ ನೀರು ಬರುವುದಾದರೂ ಎಲ್ಲಿಂದ? ಬೆಂಗಳೂರಿನವರ ಮೊಟ್ಟೆಯೂ ಮಾಂಸವೂ ಬರುವ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಬಹುಮಟ್ಟಿಗೆ ಕೊಳವೆಬಾವಿಯೇ ಆಧಾರ. ಅಲ್ಲಿ ಸಾವಿರ ಅಡಿ ದಾಟಿ ಕೊರೆದ ಬಾವಿಗಳು ಈಗ ಹೊಸ ಸುದ್ದಿಯಲ್ಲ. ಅಷ್ಟು ಆಳದ ಬಂಡೆಯ ಸಂದಿನಿಂದ ಬಂದ ನೀರು ಸುಣ್ಣದ ಅಂಶದಿಂದ ಗಡುಸಾಗಿರುತ್ತದೆ, ಕ್ಷಾರದ ಕಡೆಗೆ ಒಲಿದಿರುತ್ತದೆ. ಬಾವಿ ಬತ್ತುತ್ತ ಬಂದಾಗ ಸಣ್ಣ ಮರಳನ್ನೂ ಎತ್ತಿಕೊಂಡು ಬರುತ್ತದೆ. ಕರಾವಳಿಯಲ್ಲಿ ಮುರಕಲ್ಲಿನ ನೆಲದ ಬಾವಿಗಳದು ಬೇರೆ ಸ್ವಭಾವ. ಅಲ್ಲಿ ನೀರು ಮೃದು, ಸ್ವಲ್ಪ ಹುಳಿಯ ಕಡೆಗೆ. ಆದರೆ ಕಬ್ಬಿಣದ ಅಂಶ ಹೆಚ್ಚು. ಬಾವಿಯಿಂದ ಸೇದಿದಾಗ ತಿಳಿಯಾಗಿ ಕಂಡ ನೀರು ಗಾಳಿ ತಾಕಿದ ಕೂಡಲೇ ಕೆಂಪಗಾಗಿ, ಕೊಡದ ತಳದಲ್ಲಿ ತುಕ್ಕಿನ ಮಡ್ಡಿಯನ್ನು ಇಳಿಸುವುದನ್ನು ದಕ್ಷಿಣ ಕನ್ನಡದ ಗೃಹಿಣಿಯರು ಚೆನ್ನಾಗಿ ಬಲ್ಲರು. ಕಬ್ಬಿಣವನ್ನೇ ಉಣ್ಣುವ ಒಂದು ಜಾತಿಯ ಸೂಕ್ಷ್ಮಜೀವಿಗಳಿದ್ದು, ಅವು ಕೊಳವೆಯೊಳಗೆ ಕೆಂಪು ಲೋಳೆಯನ್ನು ಕಟ್ಟುತ್ತವೆ.

ಹಿಂದೆ ಕೋಳಿಗೆ ನೀರಿಡುತ್ತಿದ್ದುದು ತೆರೆದ ಬಟ್ಟಲುಗಳಲ್ಲಿ. ಅದರಲ್ಲಿ ಹೊಟ್ಟು ಬೀಳುತ್ತಿತ್ತು, ಹಿಕ್ಕೆ ಬೀಳುತ್ತಿತ್ತು; ಆದರೆ ಕೊಳಕು ಕಣ್ಣಿಗೆ ಕಾಣುತ್ತಿತ್ತು, ಕಂಡುದನ್ನು ತೊಳೆಯುತ್ತಿದ್ದರು. ಈಗಿನ ದೊಡ್ಡ ಫಾರಂಗಳಲ್ಲಿರುವುದು ನಿಪ್ಪಲ್. ಉದ್ದನೆಯ ಪ್ಲಾಸ್ಟಿಕ್ ಕೊಳವೆಯ ಕೆಳಗೆ ಸಾಲಾಗಿ ಕೂಡಿಸಿದ ಪುಟ್ಟ ಲೋಹದ ಕಡ್ಡಿಗಳಿವು; ಕೋಳಿ ಕೊಕ್ಕಿನಿಂದ ಕಡ್ಡಿಯನ್ನು ತಟ್ಟಿದರೆ ಹನಿ ಇಳಿಯುತ್ತದೆ. ನೀರು ಮುಚ್ಚಿದ ಕೊಳವೆಯಲ್ಲಿರುವುದರಿಂದ ಹಿಕ್ಕೆ ಬೀಳುವ ಭಯ ತಪ್ಪಿತು. ಇದು ದೊಡ್ಡ ಸುಧಾರಣೆಯೇ ಸರಿ. ಆದರೆ ಅದೇ ಕಾರಣದಿಂದ ಒಳಗಿನ ಕೊಳಕು ಕಣ್ಮರೆಯೂ ಆಯಿತು. ಕಡ್ಡಿ ಕುಳಿತುಕೊಳ್ಳುವ ಜಾಗ ಬಹಳ ಸೂಕ್ಷ್ಮ. ಒಂದು ಮರಳಿನ ಕಣ, ಒಂದು ಸುಣ್ಣದ ಹಕ್ಕಳೆ ಅಲ್ಲಿ ಸಿಕ್ಕಿಕೊಂಡರೆ ಎರಡರಲ್ಲೊಂದು ಆಗುತ್ತದೆ: ನಿಪ್ಪಲ್ ಕಟ್ಟಿಕೊಳ್ಳುತ್ತದೆ, ಇಲ್ಲವೆ ಸೋರತೊಡಗುತ್ತದೆ.

ಕಟ್ಟಿಕೊಂಡ ನಿಪ್ಪಲ್ಲಿನ ಕಥೆ ಹೆಚ್ಚು ಕರುಣಾಜನಕ. ಕಡ್ಡಿಯ ತುದಿಯಲ್ಲಿ ಒಂದು ಹನಿ ಹೊಳೆಯುತ್ತಲೇ ಇರುವುದರಿಂದ ಆಳು ಅದನ್ನು ನೋಡಿ ನೀರು ಬರುತ್ತಿದೆಯೆಂದು ಮುಂದೆ ಹೋಗುತ್ತಾನೆ. ಕೋಳಿ ತಟ್ಟುತ್ತದೆ, ಕಾಯುತ್ತದೆ, ಮತ್ತೆ ತಟ್ಟುತ್ತದೆ. ಬೇಕಾದುದರ ಅರ್ಧವೂ ಸಿಕ್ಕುವುದಿಲ್ಲ. ಕೊಳವೆಯ ಕೊನೆಯ ತುದಿಯಲ್ಲಿ, ಒತ್ತಡ ಕಡಮೆಯಿರುವ ಕಡೆಯಲ್ಲಿ, ಇಂಥ ನಿಪ್ಪಲ್ಲುಗಳು ಹೆಚ್ಚು. ಬಾಯಾರಿದ ಕೋಳಿ ಮೇವನ್ನೂ ಬಿಡುತ್ತದೆ. ‘ಆ ಮೂಲೆಯ ಕೋಳಿಗಳು ಏಕೋ ಸಣ್ಣಗಾಗಿವೆ’ ಎಂದು ಯಜಮಾನ ಮೇವಿನ ವ್ಯಾಪಾರಿಯನ್ನು ದೂರುತ್ತಾನೆ.

ಸೋರುವ ನಿಪ್ಪಲ್ಲಿನ ಕೆಳಗೆ ಭತ್ತದ ಹೊಟ್ಟಿನ ಹಾಸು ಒದ್ದೆಯಾಗುತ್ತದೆ. ಒದ್ದೆಯಾದ ಹಾಸಿನಲ್ಲಿ ಹಿಕ್ಕೆ ಕೊಳೆತು ಅಮೋನಿಯ ಏಳುತ್ತದೆ. ಶೆಡ್ಡಿನೊಳಗೆ ಕಾಲಿಟ್ಟವರ ಕಣ್ಣು ಉರಿಯುವುದು ಇದರಿಂದಲೇ. ಮನುಷ್ಯ ಹೊರಗೆ ಬಂದು ಕಣ್ಣೊರೆಸಿಕೊಳ್ಳುತ್ತಾನೆ, ಕೋಳಿ ಅಲ್ಲೇ ಇರಬೇಕು. ಅದರ ಕಣ್ಣೂ ಉಸಿರಿನ ನಾಳವೂ ಕೆಡುತ್ತವೆ, ಅಂಗಾಲು ಹುಣ್ಣಾಗುತ್ತದೆ, ರಕ್ತಭೇದಿಯ ಕ್ರಿಮಿಗೆ ತೇವವೇ ಹಬ್ಬ. ನೀರಿನಲ್ಲಿ ಬಂದ ಒಂದು ಮರಳಿನ ಕಣದಿಂದ ಔಷಧದಂಗಡಿಯ ತನಕ ದಾರಿ ಹೀಗೆ ಹೋಗುತ್ತದೆ.

ಇಷ್ಟಕ್ಕೆ ಬೇಕಾಗಿರುವ ಸೋಸುವಿಕೆ ಮನೆಯ ಫಿಲ್ಟರಿನಂಥದಲ್ಲ. ಹತ್ತು ಸಾವಿರ ಕೋಳಿಗೆ ತಂಪು ದಿನದಲ್ಲಿಯೇ ಎರಡು ಸಾವಿರದ ಇನ್ನೂರು ಲೀಟರ್ ನೀರು ಬೇಕು. ಗಂಟೆಗೆ ಎರಡು ಮೂರು ಲೀಟರ್ ಇಳಿಸುವ ಅಡಿಗೆಮನೆಯ ಫಿಲ್ಟರುಗಳನ್ನು ನಲವತ್ತರಷ್ಟು ಸಾಲಾಗಿಟ್ಟು ಹಗಲೂ ರಾತ್ರಿಯೂ ತುಂಬುತ್ತ ಕೂರಬೇಕಾದೀತು! ಫಾರಂಗೆ ಬೇಕಾದುದು ಒರಟು ಕೆಲಸದ ಶೋಧಕ: ಮರಳಿನ ಪೀಪಾಯಿ, ಅದರ ಮುಂದೆ ಬಲೆಯದೋ ನೂಲಿನದೋ ಒಂದು ಸೋಸುಗ. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ತಲೆಕೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್. ಇಪ್ಪತ್ತರಿಂದ ಐವತ್ತು ಮೈಕ್ರಾನಿನ ಸೋಸುಗವನ್ನು ಹಾಕಿದರೆ ಮರಳು, ತುಕ್ಕು, ಪಾಚಿ, ಹಕ್ಕಳೆ ಎಲ್ಲ ಅಲ್ಲೇ ನಿಲ್ಲುತ್ತವೆ. ಕರಗಿರುವ ಕಬ್ಬಿಣ ಮಾತ್ರ ಹಾಗೆ ನಿಲ್ಲದು. ಅದಕ್ಕೆ ಮೊದಲು ಗಾಳಿಯಾಡಿಸಿ ತುಕ್ಕನ್ನು ಮೂಡಿಸಿ, ಆಮೇಲೆ ಸೋಸಬೇಕು. ಕೊಡದಲ್ಲಿ ತಾನಾಗಿ ಆಗುವುದನ್ನೇ ಇಲ್ಲಿ ಬೇಕೆಂದು ಮಾಡಿಸುವುದು.

ಇನ್ನು ರೋಗದ ಮಾತು. ಇಲ್ಲಿ ಫಿಲ್ಟರಿನ ಚರಿತ್ರೆಯೂ ಕೋಳಿಯ ಚರಿತ್ರೆಯೂ ಸ್ವಾರಸ್ಯವಾಗಿ ಕೂಡುತ್ತವೆ. ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ 1879–80ರ ಸುಮಾರಿನಲ್ಲಿ ಕೋಳಿ ಕಾಲರಾ ಎಂಬ ರೋಗದ ಬೆನ್ನು ಹತ್ತಿದ್ದರು. ಬೇಸಗೆಯ ರಜೆಯ ಕಾಲದಲ್ಲಿ ಹಳತಾಗಿ ಉಳಿದ ರೋಗಾಣುಗಳನ್ನು ಕೋಳಿಗೆ ಚುಚ್ಚಿದಾಗ ಅದು ಸಾಯಲಿಲ್ಲವೆಂದೂ, ಆಮೇಲೆ ಹೊಸ ರೋಗಾಣುವನ್ನು ಚುಚ್ಚಿದರೂ ಬದುಕಿಕೊಂಡಿತೆಂದೂ ಹೇಳುವ ಕಥೆ ಪ್ರಸಿದ್ಧವಾಗಿದೆ. ಪ್ರಯೋಗಶಾಲೆಯಲ್ಲಿ ರೋಗಾಣುವನ್ನು ಬಲಹೀನಗೊಳಿಸಿ ತಯಾರಿಸಿದ ಲಸಿಕೆಯ ಯುಗ ಆರಂಭವಾದುದು ಹೀಗೆ, ಕೋಳಿಯಿಂದ. ಅದೇ ಪ್ರಯೋಗಶಾಲೆಯ ಸಹಾಯಕ ಚಾರ್ಲ್ಸ್ ಚೇಂಬರ್ಲಾಂಡ್ 1884ರಲ್ಲಿ ಮೆರುಗು ಹಾಕದ ಪಿಂಗಾಣಿಯ ಒಂದು ಬತ್ತಿಯನ್ನು ರೂಪಿಸಿದನು. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ಬ್ಯಾಕ್ಟೀರಿಯಗಳು ಒಳಗೆ ತೂರಲಾರವು. ಸ್ಟೀಲಿನ ಎರಡಂತಸ್ತಿನ ಪಾತ್ರೆಯಲ್ಲಿ ಬಿಳಿಯ ಬತ್ತಿಗಳನ್ನು ನಿಲ್ಲಿಸಿ, ತಿಂಗಳಿಗೊಮ್ಮೆ ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತಿದ್ದ ಮನೆಗಳವರಿಗೆ ಆ ಬತ್ತಿಯ ನೆಂಟಸ್ತನವನ್ನು ವಿವರಿಸಬೇಕಾಗಿಲ್ಲ.

ಕೋಳಿ ಕಾಲರಾ ನೀರಿನಿಂದ ಹರಡುವ ರೋಗವೇ. ರೋಗ ತಗುಲಿದ ಹಕ್ಕಿಯ ಬಾಯಿಯ ಲೋಳೆ ನೀರಿನ ಬಟ್ಟಲನ್ನು ಸೇರಿ ಅಲ್ಲಿಂದ ಮಿಕ್ಕವನ್ನು ತಗುಲುತ್ತದೆ. ಕರುಳಿನ ಕೋಲಿ ಜಾತಿಯ ಕ್ರಿಮಿಗಳೂ ಸಾಲ್ಮೊನೆಲ್ಲವೂ ಇದೇ ದಾರಿಯಲ್ಲಿ ನಡೆಯುತ್ತವೆ. ಆದುದರಿಂದ ಫಿಲ್ಟರು ಹಾಕಿದೊಡನೆ ರೋಗ ನಿಂತಿತೆಂದು ತಿಳಿಯುವವರುಂಟು. ಇದು ಅಪಾಯಕರವಾದ ನಂಬಿಕೆ. ಫಾರಂನ ಇಪ್ಪತ್ತು ಮೈಕ್ರಾನಿನ ಸೋಸುಗದಲ್ಲಿ ಒಂದು ಮೈಕ್ರಾನಿನಷ್ಟಿರುವ ಬ್ಯಾಕ್ಟೀರಿಯ, ಹೆಬ್ಬಾಗಿಲಿನಲ್ಲಿ ಬೆಕ್ಕಿನ ಮರಿ ನುಗ್ಗಿದಂತೆ ನುಗ್ಗುತ್ತದೆ. ಚೇಂಬರ್ಲಾಂಡನ ಪಿಂಗಾಣಿಗೂ ಮಿತಿಯಿತ್ತು. 1901ರಲ್ಲಿ ಇಟಲಿಯ ಚೆಂತಾನ್ನಿ ಮತ್ತು ಸಾವೊನುತ್ಸಿ ಎಂಬವರು, ಕೋಳಿಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ‘ಕೋಳಿ ಪ್ಲೇಗಿ’ನ ಬೀಜ ಬ್ಯಾಕ್ಟೀರಿಯಗಳನ್ನು ತಡೆಯುವ ಶೋಧಕಗಳನ್ನೂ ದಾಟಿ ಹೋಗುತ್ತದೆಂದು ತೋರಿಸಿದರು. ಅದು ಇನ್‌ಫ್ಲುಯೆಂಜಾ ಜಾತಿಯ ವೈರಸ್ಸೆಂದು 1955ರಲ್ಲಿ ತಿಳಿದುಬಂದಿತು. ಇಂದಿನ ಪತ್ರಿಕೆಗಳಲ್ಲಿ ಹಕ್ಕಿ ಜ್ವರವೆಂದು ಬರುವ ಸುದ್ದಿ ಅದರದೇ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟದ ಕೇಂದ್ರ ಕೋಳಿ ಸಂಸ್ಥೆಯಲ್ಲಿ ಈ ಜ್ವರ ಕಾಣಿಸಿಕೊಂಡು ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಗಿ ಬಂದುದು ನಗರದವರಿಗೆ ನೆನಪಿರಬಹುದು. ಆ ಪ್ರಸಂಗಕ್ಕೆ ನೀರನ್ನು ದೂರಬೇಕಾಗಿಲ್ಲ. ಆದರೆ ಕಾಡು ಬಾತುಗಳು ಇಳಿಯುವ ಕೆರೆಯ ನೀರನ್ನು ಹಾಗೆಯೇ ಎತ್ತಿ ಕೋಳಿಗೆ ಕುಡಿಸಬಾರದೆಂದು ತಿಳಿದವರು ಹೇಳುವುದು ಇದಕ್ಕಾಗಿಯೇ. ಅಂಥ ವೈರಸ್ಸನ್ನು ಯಾವ ಮರಳೂ ಯಾವ ಬಲೆಯೂ ತಡೆಯಲಾರದು.

ಹಾಗಾದರೆ ಸೋಸುವುದರಿಂದ ರೋಗದ ಮಟ್ಟಿಗೆ ಪ್ರಯೋಜನವೇ ಇಲ್ಲವೆ? ಇದೆ, ಆದರೆ ಅದು ನೇರವಾದುದಲ್ಲ. ಕ್ರಿಮಿಯನ್ನು ಕೊಲ್ಲುವುದು ಕ್ಲೋರಿನ್ ಅಥವಾ ಅದರಂಥ ಬೇರೊಂದು ಔಷಧ. ಆ ಕ್ಲೋರಿನ್ನಿಗೆ ಒಂದು ದೌರ್ಬಲ್ಯವಿದೆ: ನೀರಿನಲ್ಲಿ ಕಸ, ಪಾಚಿ, ಕಬ್ಬಿಣ ಏನೇ ಇದ್ದರೂ ಮೊದಲು ಅದರೊಡನೆ ಸೆಣಸಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಮಣ್ಣಿನ ಕಣದ ಮರೆಯಲ್ಲಿ ಕುಳಿತ ಕ್ರಿಮಿ ಸುರಕ್ಷಿತವಾಗಿ ಉಳಿಯುತ್ತದೆ. ಬಗ್ಗಡದ ನೀರಿಗೆ ಬ್ಲೀಚಿಂಗ್ ಪುಡಿಯನ್ನು ಎಷ್ಟು ಸುರಿದರೂ ವಾಸನೆ ಬಂದೀತು, ಕೆಲಸ ನಡೆಯದು. ಮೊದಲು ಸೋಸಿ ಕಸವನ್ನು ತೆಗೆದರೆ ಸ್ವಲ್ಪವೇ ಕ್ಲೋರಿನ್ ಸಾಕಾಗುತ್ತದೆ. ಕೊನೆಯ ನಿಪ್ಪಲ್ಲಿನ ನೀರಿನಲ್ಲಿ ಲೀಟರಿಗೆ ಮೂರರಿಂದ ಐದು ಮಿಲಿಗ್ರಾಂ ಉಳಿದಿದ್ದರೆ ಆಯಿತು. ಕೊನೆಯ ನಿಪ್ಪಲ್ಲಿನಲ್ಲಿ ಎಂಬ ಮಾತನ್ನು ಗಮನಿಸಬೇಕು. ತೊಟ್ಟಿಯಲ್ಲಿ ಎಷ್ಟಿತ್ತೆಂಬುದರಿಂದ ಕೋಳಿಗೆ ಆಗಬೇಕಾದುದೇನೂ ಇಲ್ಲ.

ಕೋಲಾರದಂಥ ಕ್ಷಾರದ ನೀರಿನಲ್ಲಿ ಇನ್ನೊಂದು ತೊಡಕುಂಟು. ನೀರಿನ ಹುಳಿ-ಕ್ಷಾರಗಳನ್ನು ಅಳೆಯುವ ಪಿಎಚ್ ಮಾನದಲ್ಲಿ 6.5 ಇರುವಾಗ ಕ್ಲೋರಿನ್ನಿನ ಹತ್ತರಲ್ಲಿ ಒಂಬತ್ತು ಪಾಲು ಕ್ರಿಮಿಯನ್ನು ಕೊಲ್ಲುವ ಚುರುಕಾದ ರೂಪದಲ್ಲಿರುತ್ತದೆ. ಅದೇ 8.5 ಆದರೆ ಹತ್ತರಲ್ಲಿ ಒಂದು ಪಾಲು ಮಾತ್ರ. ಪುಡಿಯೂ ಅದೇ, ಅಳತೆಯೂ ಅದೇ. ಫಲ ಒಂಬತ್ತು ಪಾಲು ಕಡಮೆ. ನಿಂಬೆಯ ಹುಳಿಯಂಥ ಆಮ್ಲವನ್ನು ಸ್ವಲ್ಪ ಸೇರಿಸಿ ನೀರನ್ನು ಹದಕ್ಕೆ ತರುವ ಪದ್ಧತಿ ಬಂದಿರುವುದು ಇದರಿಂದ. ಆದರೆ ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಪಾತ್ರೆಯಲ್ಲಿ ಎಂದಿಗೂ ಕಲಸಬಾರದು. ಏಳುವ ವಿಷಾನಿಲ ಕಲಸುವವನ ಶ್ವಾಸಕೋಶಕ್ಕೆ ನುಗ್ಗುತ್ತದೆ. ಎರಡಕ್ಕೂ ಬೇರೆ ಬೇರೆ ಪಾತ್ರೆಗಳೇ ಇರತಕ್ಕದ್ದು.

ಕ್ಲೋರಿನ್ ಎಲ್ಲ ದಿನವೂ ಮಿತ್ರನಲ್ಲ. ಕೊಕ್ಕರೆ ರೋಗವೆಂದು ಹಳ್ಳಿಯವರು ಕರೆಯುವ ವ್ಯಾಧಿಗೆ ಪುಸ್ತಕದ ಹೆಸರು ರಾಣಿಖೇತ್. 1920ರ ದಶಕದಲ್ಲಿ ಕುಮಾವೂಂ ಬೆಟ್ಟಗಳ ಆ ಊರಿನಲ್ಲಿ ಗುರುತಿಸಲ್ಪಟ್ಟುದರಿಂದ ಊರಿನ ಹೆಸರೇ ರೋಗಕ್ಕೂ ಅಂಟಿಕೊಂಡಿತು. ಅದರ ಲಸಿಕೆಯನ್ನು ಅನೇಕ ವೇಳೆ ಕುಡಿಯುವ ನೀರಿನಲ್ಲಿಯೇ ಕೊಡುತ್ತಾರೆ. ಲಸಿಕೆಯಲ್ಲಿರುವುದು ಜೀವಂತವಾದ, ಪಳಗಿಸಿದ ವೈರಸ್. ಕ್ಲೋರಿನ್ನಿಗೆ ಒಳ್ಳೆಯದು ಕೆಟ್ಟದು ಎಂಬ ಭೇದವಿಲ್ಲವಾಗಿ ಅದನ್ನೂ ಕೊಂದುಹಾಕುತ್ತದೆ. ಅಂಥ ದಿನಕ್ಕೆ ಮೊದಲೇ ಕ್ಲೋರಿನ್ ನಿಲ್ಲಿಸಿ, ಲಸಿಕೆಯ ನೀರಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನು ಲೀಟರಿಗೆ ಎರಡೂವರೆ ಗ್ರಾಂನಂತೆ ಬೆರೆಸುವುದು ವಾಡಿಕೆ. ಅಳಿದುಳಿದ ಕ್ಲೋರಿನ್ನನ್ನು ಹಾಲು ನುಂಗಿಕೊಳ್ಳುತ್ತದೆ. ಶೆಡ್ಡಿನಲ್ಲಿ ಹಾಲಿನ ಪುಡಿಯ ಡಬ್ಬಿಯನ್ನು ಕಂಡು ‘ಕೋಳಿಗೆ ಕಾಫಿಯೂ ಉಂಟೋ?’ ಎಂದು ನಗುವವರಿಗೆ ಈ ಸಂಗತಿ ತಿಳಿದಿರುವುದಿಲ್ಲ. ನೀರು ಹಿಂದಿನಿಂದಲೂ ಸೋಸಿದ್ದಾಗಿ, ಕೊಳವೆ ಶುಚಿಯಾಗಿದ್ದರೆ ಲಸಿಕೆ ಕೋಳಿಯನ್ನು ಮುಟ್ಟುತ್ತದೆ. ಕೊಳವೆಯಲ್ಲಿ ಲೋಳೆ ತುಂಬಿದ್ದರೆ ಲಸಿಕೆಯೂ ಅದಕ್ಕೆ ತೆತ್ತ ಹಣವೂ ಅಲ್ಲಿಯೇ ಲಯವಾಗುತ್ತವೆ. ರೋಗ ಬಂದ ಮೇಲೆ ‘ಲಸಿಕೆ ಹಾಕಿಸಿದ್ದೆನಲ್ಲ’ ಎಂಬ ಗೋಳು ಕೇಳಿಬರುವುದಕ್ಕೆ ಇದೂ ಒಂದು ಕಾರಣ.

ಫಿಲ್ಟರನ್ನು ಕೊಂಡವರು ಅದನ್ನು ಗೋಡೆಗೆ ತಗುಲಿಸಿ ಮರೆತರೆ ಕೊಳ್ಳದಿದ್ದುದೇ ಮೇಲು. ಹಿಡಿದ ಕೊಳಕು ಅಲ್ಲಿಯೇ ಉಳಿದು ಕ್ರಿಮಿಗಳಿಗೆ ಹಾಸಿಗೆಯಾಗುತ್ತದೆ. ಕೆಟ್ಟ ಸೋಸುಗವನ್ನು ದಾಟಿ ಬಂದ ನೀರು ಬಾವಿಯ ನೀರಿಗಿಂತ ಕೊಳಕಾಗಿರುವುದೂ ಅಸಂಭವವಲ್ಲ. ಮರಳಿನ ಪೀಪಾಯಿಯನ್ನು ಹಿಂದುಮುಂದಾಗಿ ನೀರು ಹರಿಸಿ ತೊಳೆಯಬೇಕು. ಸೋಸುಗದ ಹಿಂದೊಂದು ಮುಂದೊಂದು ಒತ್ತಡದ ಮಾಪಕವಿಟ್ಟರೆ, ಎರಡರ ನಡುವೆ ವ್ಯತ್ಯಾಸ ಬೆಳೆದಾಗ ಬತ್ತಿ ತುಂಬಿತೆಂದು ಓದುಬಾರದ ಆಳಿಗೂ ತಿಳಿಯುತ್ತದೆ. ಇನ್ನು ಬಿಸಿಲಿಗೆ ನಿಂತ ಕಪ್ಪು ತೊಟ್ಟಿಯ ವಿಷಯ. ಏಪ್ರಿಲ್ ಮಧ್ಯಾಹ್ನ ಅದರ ನೀರು ಸ್ನಾನಕ್ಕೆ ಯೋಗ್ಯವಾಗಿರುತ್ತದೆ, ಕುಡಿಯಲು ಅಲ್ಲ. ಬಿಸಿ ನೀರನ್ನು ಕೋಳಿ ಸರಿಯಾಗಿ ಕುಡಿಯುವುದೇ ಇಲ್ಲ. ಎಷ್ಟು ಸೋಸಿದರೇನು? ತೊಟ್ಟಿಗೆ ತೆಂಗಿನ ಗರಿಯ ನೆರಳು, ಕೊಳವೆಗೆ ಒದ್ದೆ ಗೋಣಿ, ಇವು ಯಂತ್ರಗಳಿಗಿಂತ ಮೊದಲು ಆಗಬೇಕಾದ ಕೆಲಸಗಳು.

ಮನೆಗಳಲ್ಲಿ ಬಂದಿರುವ ಆರ್‌ಓ ಯಂತ್ರವನ್ನೇ ಕೋಳಿಗೂ ಹಾಕಿಸುವ ಉತ್ಸಾಹಿಗಳಿದ್ದಾರೆ. ಅದು ಕರಗಿದ ಲವಣಗಳನ್ನೂ ತೆಗೆಯುತ್ತದೆಂಬುದು ನಿಜ. ಆದರೆ ಕೋಲಾರದ ನೀರಿನಲ್ಲಿ ಮನುಷ್ಯರ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡನ್ನು ಕೋಳಿ, ದನಕ್ಕಿಂತಲೂ ಎಷ್ಟೋ ಪಾಲು ಹೆಚ್ಚಾಗಿ ತಾಳಿಕೊಳ್ಳಬಲ್ಲದು. ಅದರ ಆಯುಸ್ಸೂ ಅಷ್ಟು ದೀರ್ಘವಲ್ಲ. ಒಂದು ಪಾಲು ನೀರಿಗಾಗಿ ಮತ್ತೆರಡು ಪಾಲು ನೀರನ್ನು ಮೋರಿಗೆ ಬಿಡುವ ಯಂತ್ರ, ಸಾವಿರ ಅಡಿಯಿಂದ ನೀರೆತ್ತುವ ಸೀಮೆಗೆ ಒಪ್ಪುವಂಥದಲ್ಲ. ನೀರು ಉಪ್ಪಾಗಿರುವ ಕಡೆಗಳಲ್ಲಿ ಮಾತ್ರ ಮಾತು ಬೇರೆ. ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ, ಅಡಿಗೆ ಉಪ್ಪಿನ ಅಂಶವಿರುವ ಬಾವಿ ನೀರನ್ನು ಕುಡಿದ ಕೋಳಿಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಒಡೆಯುವುದು ಹೆಚ್ಚೆಂದು ಕಂಡುಬಂದಿತು. ಅಂಥಲ್ಲಿ ಒಡೆದ ಮೊಟ್ಟೆಯ ನಷ್ಟವನ್ನೂ ಯಂತ್ರದ ಖರ್ಚನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು. ನೀರನ್ನು ಪರೀಕ್ಷಿಸದೆ ಯಂತ್ರವನ್ನು ಕೊಳ್ಳುವುದಂತೂ ರೋಗ ನೋಡದೆ ಮದ್ದು ಕುಡಿದಂತೆ.

ಮದ್ದಿನ ವಿಷಯ ಬಂದುದರಿಂದ ಪಟ್ಟಣದ ಸಂಸಾರಗಳಿಗೆ ನೇರವಾಗಿ ಸಂಬಂಧಪಟ್ಟ ಮಾತೊಂದಿದೆ. ನೀರು ಕೆಟ್ಟು ಕೋಳಿಯ ಹೊಟ್ಟೆ ಕೆಟ್ಟಾಗ ಸುಲಭವಾಗಿ ಕೈಗೆಟಕುವುದು ಆಂಟಿಬಯಾಟಿಕ್. ಅದನ್ನೂ ಅದೇ ನೀರಿಗೆ ಸುರಿಯುತ್ತಾರೆ. ಮನುಷ್ಯರಿಗೆ ಬೇರಾವ ಔಷಧವೂ ನಾಟದಾಗ ವೈದ್ಯರು ಕೊನೆಯ ಅಸ್ತ್ರವಾಗಿ ಎತ್ತಿಡುವ ಕೊಲಿಸ್ಟಿನ್ ಎಂಬುದನ್ನು ಕೋಳಿಗಳಿಗೆ ಕೊಡುವುದು ಬಹುಕಾಲ ರೂಢಿಯಲ್ಲಿತ್ತು. ಭಾರತ ಸರ್ಕಾರ 2019ರ ಜುಲೈಯಲ್ಲಿ ಅದನ್ನು ಆಹಾರದ ಪ್ರಾಣಿಗಳಿಗೆ ಬಳಸುವುದನ್ನು ನಿಷೇಧಿಸಿತು. ಫಾರಂನಲ್ಲಿ ಔಷಧಕ್ಕೆ ಪಳಗಿದ ಕ್ರಿಮಿ ಫಾರಂನಲ್ಲಿಯೇ ಉಳಿಯುವುದಿಲ್ಲ. ಸೋಸುಗದ ಬತ್ತಿಯೊಂದು ತಪ್ಪಿಸಬಹುದಾಗಿದ್ದ ರೋಗಕ್ಕೆ ಆಸ್ಪತ್ರೆಯ ಅಮೂಲ್ಯವಾದ ಔಷಧವನ್ನು ಚೆಲ್ಲುವುದು, ಮೊಟ್ಟೆ ತಿನ್ನದವರ ಮನೆಗೂ ತಟ್ಟುವ ದುಂದು.

ಇದರ ಖರ್ಚನ್ನು ಹೊರುವವರಾರು? ಮಾಂಸದ ಕೋಳಿಯ ಕಸುಬು ಇಂದು ಬಹುಮಟ್ಟಿಗೆ ಒಪ್ಪಂದದ ಮೇಲೆ ನಡೆಯುತ್ತದೆ. ಕಂಪನಿ ಮರಿಯನ್ನು ತಂದುಕೊಡುತ್ತದೆ, ಮೇವು ಕೊಡುತ್ತದೆ, ಔಷಧ ಲಸಿಕೆಗಳನ್ನು ಕೊಡುತ್ತದೆ. ಬೆಳೆದ ಕೋಳಿಯನ್ನು ತೂಗಿಕೊಂಡು ಹೋಗಿ ಕಿಲೋಗೆ ಇಷ್ಟೆಂದು ಸಾಕಣೆಯ ಕೂಲಿ ಕೊಡುತ್ತದೆ. ಶೆಡ್ಡು, ಕರೆಂಟು, ದುಡಿಮೆ, ನೀರು ರೈತನವು. ಎಂದರೆ ಕೋಳಿಯ ಹೊಟ್ಟೆಗೆ ಹೋಗುವ ಪದಾರ್ಥಗಳಲ್ಲಿ ರೈತನ ಕೈಯದು ನೀರೊಂದೇ. ಮೇವು ಹೆಚ್ಚು ತಿಂದು ತೂಕ ಕಡಮೆ ಬಂದರೆ ಕೂಲಿ ಕಡಿತವಾಗುವುದೂ ಅವನದೇ. ಐದು ಸಾವಿರ ಮರಿಗಳನ್ನು ಸಾಕುವ ಸಣ್ಣ ರೈತನಿಗೆ ಸೋಸುಗ, ಬತ್ತಿ, ಕ್ಲೋರಿನ್ ಎಂದರೆ ಮಗಳ ಕಾಲೇಜಿನ ಫೀಜಿನೊಡನೆ ಸ್ಪರ್ಧಿಸುವ ಖರ್ಚು. ನೀರಿನ ಸುಧಾರಣೆಯ ಲಾಭದಲ್ಲಿ ಪಾಲು ಪಡೆಯುವ ಕಂಪನಿಗಳು ಖರ್ಚಿನಲ್ಲಿಯೂ ಒಂದು ಪಾಲು ಹೊತ್ತರೆ ಅನ್ಯಾಯವೇನೂ ಆಗಲಾರದು.

ಕೈ ಬಿಗಿಯಿರುವವನು ಮೊದಲು ಕೊಳ್ಳಬೇಕಾದುದು ನೀರಿನ ಮೀಟರು ಎಂದು ಹೇಳಿದರೆ ವಿಚಿತ್ರವಾಗಿ ಕಂಡೀತು. ಆದರೆ ಆ ಸಣ್ಣ ಪೆಟ್ಟಿಗೆ ಒಳ್ಳೆಯ ಕಾವಲುಗಾರ. ರೋಗ ಬರುವ ಮುನ್ನ ಕೋಳಿ ಮೊದಲು ನೀರನ್ನು ಕಡಮೆ ಮಾಡುತ್ತದೆ. ಮೇವು ಇಳಿಯುವುದೂ ಸಾವು ಕಾಣುವುದೂ ಆಮೇಲೆ. ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಅಂಕಿಯನ್ನು ಬರೆದಿಟ್ಟವನಿಗೆ ಒಂದು ದಿನ ಮುಂಚಿತವಾಗಿ ಎಚ್ಚರಿಕೆ ಸಿಕ್ಕುತ್ತದೆ. ನಿಪ್ಪಲ್ಲುಗಳು ಕಟ್ಟಿಕೊಂಡರೂ ಸೋರಿದರೂ ಅದೇ ಅಂಕಿಯೇ ಹೇಳುತ್ತದೆ.

ಇನ್ನೊಂದು ಪರೀಕ್ಷೆಗೆ ಕಾಸೂ ಬೇಡ. ಒಂದು ಬ್ಯಾಚು ಹೋಗಿ ಮತ್ತೊಂದು ಬರುವ ನಡುವಣ ದಿನಗಳಲ್ಲಿ ಖಾಲಿ ಶೆಡ್ಡಿನ ಕೊಳವೆಗಳಲ್ಲಿ ನಿಂತ ನೀರು ಲೋಳೆ ಕಟ್ಟುತ್ತದೆ. ಹೊಸ ಮರಿಗಳು ಬರುವ ಮುನ್ನ ಕೊಳವೆಯ ಕೊನೆಯ ತುದಿಯ ಬಿರಡೆಯನ್ನು ಬಿಚ್ಚಿ, ಬರುವ ನೀರನ್ನು ಬಿಳಿಯ ಬಕೇಟಿನಲ್ಲಿ ಹಿಡಿದು ನೋಡಬೇಕು. ಮೊದಲ ನೀರು ಚಹದ ಬಣ್ಣದ್ದಾಗಿ, ಹಕ್ಕಳೆಗಳು ತೇಲುತ್ತ ಬರುವುದುಂಟು. ಬಣ್ಣ ಹೋಗುವವರೆಗೆ ರಭಸದಿಂದ ಹರಿಸಿ, ಕೊಳವೆಯನ್ನು ಔಷಧದ ನೀರಿನಲ್ಲಿ ನೆನೆಸಿಟ್ಟು, ಮತ್ತೆ ಶುದ್ಧವಾದ ನೀರಿನಿಂದ ತೊಳೆಯಬೇಕು. ಮೊಟ್ಟೆಯೊಡೆದು ಬಂದ ಮರಿ ಹೊಟ್ಟೆಯಲ್ಲಿ ಉಳಿದ ಭಂಡಾರದ ಬಲದಿಂದ ಎರಡು ದಿನ ಅನ್ನ ನೀರಿಲ್ಲದೆ ಪ್ರಯಾಣ ಮಾಡಿ ಬಂದಿರುತ್ತದೆ. ಕಾಯಿಸಿ ಆರಿಸಿ ಬೆಲ್ಲ ಕದಡಿದ ನೀರಿನಲ್ಲಿ ಅದರ ಕೊಕ್ಕನ್ನು ಒಮ್ಮೆ ಅದ್ದಿ ಬಿಟ್ಟರೆ, ಎರಡನೆಯ ಗುಟುಕಿಗೆ ಅದು ತಾನೇ ಕತ್ತು ಬಗ್ಗಿಸುತ್ತದೆ.